ಆ ಗುಡ್ಡದ ಹಿಂದೆಯೇ ಬಿತ್ತು

ಅಗಾದಿರ್, 9 ಅಕ್ಟೋಬರ್ 2016

ಅಣ್ಣಾ,

ಸಲಾಮು. ಸಾಲ್ಕಾ ಅತ್ತಿಗೆಗೂ ಹೇಳು. ಹೊಳೆ ಬಂದು ನಿನ್ನ ಆಡುಗಳನ್ನೆಲ್ಲ ಕೊಚ್ಚಿಕೊಂಡು ಹೋದ ಸುದ್ದಿಯನ್ನು ನಾನು ಹಮ್ಮಾದಿಯ ಬಾಯಿಂದ ಕೇಳಬೇಕಾಯಿತು. ಪ್ರತಿ ಬುಧವಾರ ಅವನ ಲ್ಯಾಂಡ್‌ರೋವರಿನಲ್ಲಿ ಅಸ್ಸಾ ಪೇಟೆಯಿಂದ ಸಕ್ಕರೆ ಬರುತ್ತದೆ, ಚಹಾ ಬರುತ್ತದೆ. ತಂಗಿಗೆ ಎರಡು ಸಾಲು ಗೀಚಿ ಅವನ ಕೈಗೆ ಕೊಡಲು ನಿನಗೆ ಆಗುವುದಿಲ್ಲ. ಫೋನ್ ಹಿಡಿಯದ ಜಾಗದಲ್ಲಿ ಗುಡಾರ ಹಾಕಿಕೊಂಡು ಕೂತವನಿಗೆ ಇಷ್ಟು ಬಿಗುಮಾನ ಬೇರೆ!

ನಿಜ ಹೇಳುತ್ತೇನೆ, ಕೇಳು. ಆ ಮಳೆಯನ್ನು ನಾನು ಇಲ್ಲಿ ಹವಾಮಾನ ಕಚೇರಿಯ ರಾಡಾರಿನ ಪರದೆಯ ಮೇಲೆ ಇಡೀ ದಿನ ನೋಡಿದ್ದೆ. ಅದು ನಿಮ್ಮ ಮೇಲೆ ಇರಲಿಲ್ಲ. ದಕ್ಷಿಣದ ಬೆಟ್ಟಗಳ ಮೇಲೆ, ನಿಮ್ಮಿಂದ ಎಷ್ಟೋ ಆಚೆ ನಿಂತು ಸುರಿಯುತ್ತಿತ್ತು. ಸದ್ಯ, ನಮ್ಮವರ ಮೇಲೆ ಹನಿಯೂ ಇಲ್ಲ ಎಂದು ನೆಮ್ಮದಿಯಾಗಿ ಊಟ ಮಾಡಿದೆ. ನೀರಿಗೆ ಕಾಲಿದೆ ಎನ್ನುವುದು ನನ್ನ ತಲೆಗೆ ಹೊಳೆಯಲಿಲ್ಲ. ಮರುಭೂಮಿಯಲ್ಲಿ ಹುಟ್ಟಿದವಳ ಬುದ್ಧಿ ನೋಡು.

ಮಂದೆಯೇ ಇಲ್ಲದ ಮೇಲೆ ಗುಡಾರವೇಕೆ, ಚಳಿಗಾಲ ಮುಗಿಯುವುದರೊಳಗೆ ಅಸ್ಸಾದಲ್ಲಿ ಗೋದಾಮಿನ ಕಾವಲಿಗೆ ಸೇರುತ್ತೇನೆ ಎಂದೆಯಂತೆ. ಅತ್ತಿಗೆ ತಾರಸಿಯ ಕೆಳಗೆ ಬಾಳುತ್ತಾರೆಯೇ? ಅವರನ್ನು ಕೇಳಿದೆಯಾ?

ಅದಕ್ಕೇ ಈ ಕಾಗದ. ಮೊನ್ನೆ ಗುರುವಾರ ಸಂಜೆ, ಮಗ್ರಿಬ್ ನಮಾಜಿನ ಹೊತ್ತಿಗೆ, ಆಕಾಶದಲ್ಲಿ ದೊಡ್ಡ ಬೆಳಕು ಉತ್ತರದಿಂದ ದಕ್ಷಿಣಕ್ಕೆ ಹೋಯಿತಲ್ಲ, ನೋಡಿರಬೇಕು. ಇಲ್ಲಿಯ ಕರಾವಳಿಯವರೆಲ್ಲ ನೋಡಿದ್ದಾರೆ. ಬೆಳಕು ಆರಿದ ಮೇಲೆ, ಒಂದು ತುಣುಕು ಮೋಡವೂ ಇಲ್ಲದ ನಿಮ್ಮ ಕಡೆಯ ಆಕಾಶದಲ್ಲಿ ನನ್ನ ರಾಡಾರಿಗೆ ತೆಳ್ಳಗೆ ಮಳೆಯಂಥದ್ದೊಂದು ಕಂಡಿತು. ಸ್ವಲ್ಪ ಹೊತ್ತಿಗೆ ಕೆಳಗಿಳಿದು ಮಾಯವಾಯಿತು. ನಮ್ಮ ಸಾಹೇಬರು ಧೂಳು ಎಂದು ಬರೆದು ಕೈತೊಳೆದುಕೊಂಡರು. ಧೂಳು ಮೇಲಿನಿಂದ ಕೆಳಕ್ಕೆ ಬೀಳುತ್ತದೆಯೇ? ಅದು ಉಲ್ಕೆ ಒಡೆದು ಉದುರಿದ ಕಲ್ಲಿನ ಮಳೆ ಅಣ್ಣಾ. ಒಳ್ಳೆಯ ಕಲ್ಲೊಂದು ಸಿಕ್ಕರೆ ಇಂಥವನ್ನು ಕೊಳ್ಳುವ ಎರ್ಫೂದಿನ ವ್ಯಾಪಾರಿಗಳು ಹಣ ಹಿಡಿದು ನಿನ್ನ ಗುಡಾರದ ಬಾಗಿಲಿಗೇ ಬರುತ್ತಾರೆ. ಮಂದೆ ಮತ್ತೆ ಕಟ್ಟಬಹುದು.

ಆದರೆ ರಾಡಾರು ಕಂಡದ್ದು ಎತ್ತರದಲ್ಲಿ. ನೆಲದ ಜಾಗ ಗೊತ್ತಾಗಬೇಕಾದರೆ ನೋಡಿದವರ ಮಾತು ಬೇಕು. ಒಬ್ಬೊಬ್ಬರನ್ನೂ ಬೇರೆ ಬೇರೆಯಾಗಿ ಈ ನಾಲ್ಕು ಕೇಳು. ಎಲ್ಲಿ ನಿಂತಿದ್ದಿರಿ? ಬೆಳಕು ಯಾವ ದಿಕ್ಕಿನಲ್ಲಿ, ಯಾವುದರ ನೇರಕ್ಕೆ ಆರಿತು? ಆರಿದ ಮೇಲೆ ಸದ್ದು ಬರಲು ಎಷ್ಟು ಹೊತ್ತಾಯಿತು? ಗಡಿಯಾರ ಯಾರೂ ನೋಡಿರುವುದಿಲ್ಲ, ಹೆದರಿ ಫಾತಿಹಾ ಪ್ರಾರ್ಥನೆ ಹೇಳಿರುತ್ತಾರೆ. ಎಷ್ಟು ಸಲ ಹೇಳಿದಿರಿ ಎಂದು ಕೇಳು. ಕೊನೆಯದು, ಎಲ್ಲಿ ಬಿತ್ತೆಂದು ನಿಮಗೆ ಅನ್ನಿಸುತ್ತದೆ? ಈ ಕೊನೆಯದರ ಉತ್ತರವನ್ನು ಮಾತ್ರ ನಂಬಬೇಡ. ಮುಗಿಲೆತ್ತರದ ಬೆಳಕು ಕಣ್ಣಿಗೆ ಪಕ್ಕದಲ್ಲೇ ಇದ್ದಂತೆ ಕಾಣುತ್ತದೆ. ಎಲ್ಲರೂ "ಆ ಗುಡ್ಡದ ಹಿಂದೆಯೇ ಬಿತ್ತು" ಅನ್ನುತ್ತಾರೆ. ನನಗೆ ನಗಲಿಕ್ಕೆ ಬೇಕು, ಬರೆ.

ಹಳೆಯ ಸ್ಪೀಕರಿನ ಅಯಸ್ಕಾಂತ ಕಳಿಸಿದ್ದೇನೆ. ಕೋಲಿನ ತುದಿಗೆ ಕಟ್ಟಿಕೋ. ಉಲ್ಕೆಯ ಕಲ್ಲಿನಲ್ಲಿ ಕಬ್ಬಿಣ ಇರುತ್ತದೆ, ಹಿಡಿಯುತ್ತದೆ.

ನಿನ್ನ ತಂಗಿ
ತೌಫಾ


ಹಾಸಿ ತಲ್ಹಾ, 19 ಅಕ್ಟೋಬರ್ 2016

ತಂಗಿ ತೌಫಾಳಿಗೆ ಅಣ್ಣ ಸಿದಾತಿಯ ಸಲಾಮು.

ಆಡುಗಳ ವಿಷಯ ಬರೆದರೆ ವಾಪಸ್ಸು ಬರುತ್ತಿದ್ದವೇ? ಅದಕ್ಕೇ ಬರೆಯಲಿಲ್ಲ. ಎರಡು ಒಂಟೆ ಉಳಿದಿವೆ, ನಾವಿಬ್ಬರು ಉಳಿದಿದ್ದೇವೆ. ಹೊಳೆಯೂ ಪೂರಾ ಕೈಬಿಡಲಿಲ್ಲ ಅನ್ನು. ಆಡುಗಳನ್ನು ಒಯ್ದು ಬದಲಿಗೆ ಮೂರು ಒಳ್ಳೆಯ ಗುಂಡುಕಲ್ಲು ತಂದು ಗುಡಾರದ ಮುಂದೆ ಹಾಕಿದೆ. ಒಂದು ಮಗ್ಗುಲಿಗೆ ಕೆಂಪು ಬಣ್ಣ, ಉಜ್ಜಿ ಮಾಸಿದೆ. ಸಾಲ್ಕಾ ಒಲೆ ಹೂಡಿಕೊಂಡಿದ್ದಾಳೆ. "ಬಣ್ಣದ ಒಲೆ ನಿನ್ನ ತಂಗಿಯ ಅಗಾದಿರಿನಲ್ಲೂ ಇರ್ಲಿಕ್ಕಿಲ್ಲ, ಬರಿ ಅವಳಿಗೆ" ಅಂದಳು. ಬರೆದಿದ್ದೇನೆ.

ನೀನು ಹೇಳಿದ ಕೆಲಸಕ್ಕೆ ಒಂಟೆ ಏರಿ ವಾರವಿಡೀ ಗುಡಾರದಿಂದ ಗುಡಾರಕ್ಕೆ ಅಲೆದೆ. ಹೋದಲ್ಲೆಲ್ಲ ಮೂರು ಲೋಟ ಚಹಾ. ಕುಡಿಯದಿದ್ದರೆ ಬಾಯಿ ಬಿಡುವುದಿಲ್ಲ ಜನ. ಹೊಟ್ಟೆ ಕೆಟ್ಟುಹೋಯಿತು, ಅದನ್ನೂ ನಿನ್ನ ಲೆಕ್ಕಕ್ಕೆ ಬರೆದುಕೋ.

ಬಾಹಿಯಾ ಅಜ್ಜ ತನ್ನ ಗುಡಾರದ ಬಾಗಿಲಲ್ಲಿ ನಿಂತಿದ್ದನಂತೆ. ಪೂರ್ವದ ಗುಡ್ಡ ತೋರಿಸಿ, "ಆ ಗುಡ್ಡದ ಹಿಂದೇನೇ ಬಿತ್ತು ಕಣಯ್ಯಾ, ಹೊಗೆ ವಾಸನೆ ಮೂಗಿಗೆ ಬಡೀತು" ಅಂದ. ಒಂದೂವರೆ ಫಾತಿಹಾ ಹೇಳುವಷ್ಟರಲ್ಲಿ ಗುಡುಗಿತಂತೆ. ಆಚೆ ಗುಡಾರದ ಎಂಬಾರ್ಕಾ ಪಶ್ಚಿಮದ ಗುಡ್ಡ ತೋರಿಸಿದಳು. "ಆ ಮುದುಕನಿಗೆ ಕಣ್ಣೆಲ್ಲಿದೆ? ಹೋದ ವರ್ಷ ನನ್ನ ಕತ್ತೇನ ತನ್ನ ಒಂಟೆಮರಿ ಅಂದವನು! ಈ ಗುಡ್ಡದ ಹಿಂದೇನೇ ಬಿದ್ದಿದ್ದು. ಐದು ಫಾತಿಹಾ ಆದ್ಮೇಲೆ ಸದ್ದು ಬಂತು" ಅಂದಳು. ಬೇರೆ ಬೇರೆಯಾಗಿ ಕೇಳು ಎಂದಿದ್ದೆ, ಕೇಳಿದೆ. ಆದರೆ ಸಂಜೆಯೊಳಗೆ ಇಬ್ಬರೂ ಬಾವಿಯ ಹತ್ತಿರ ಕೂಡಿ, ಹಗ್ಗ ಹಿಡಿದೇ ಜಗಳಕ್ಕೆ ನಿಂತರು.

ಒಂದೂವರೆಗೂ ಐದಕ್ಕೂ ಎಲ್ಲಿಯ ನಂಟು? ಆಮೇಲೆ ಹೊಳೆಯಿತು. ಇವತ್ತು ಹಮ್ಮಾದಿ ಬಂದಾಗ ಅವನ ಕೈಗಡಿಯಾರ ಇಸಿದುಕೊಂಡು ಹೋಗಿ ಇಬ್ಬರ ಬಾಯಲ್ಲೂ ಫಾತಿಹಾ ಹೇಳಿಸಿದೆ. ಅಜ್ಜ ಒಂದೊಂದು ಅಕ್ಷರವನ್ನೂ ಎಳೆದು ಎಳೆದು, ನಡುವೆ ಕೆಮ್ಮಿ, ಮತ್ತೆ ಮೊದಲಿನಿಂದ ಹಿಡಿಯುತ್ತಾನೆ. ಎಂಬಾರ್ಕಾ ಬಾಯಿ ತೆರೆದು ಮುಚ್ಚುವುದರೊಳಗೆ ಮುಗಿಸುತ್ತಾಳೆ. ಇಬ್ಬರದ್ದೂ ಕೊನೆಗೆ ಹೆಚ್ಚುಕಡಿಮೆ ಒಂದೇ ಹೊತ್ತು! ಸೆಕೆಂಡುಗಳನ್ನು ಬೇರೆ ಹಾಳೆಯಲ್ಲಿ ಬರೆದಿಟ್ಟಿದ್ದೇನೆ.

ಎಲ್ಲರಿಗಿಂತ ಚೆನ್ನಾಗಿ ನೋಡಿದವಳು ನಮ್ಮ ಸಾಲ್ಕಾ. ಗುಡಾರದ ಗೂಟ ಬಡಿಯುತ್ತಿದ್ದಳಂತೆ. ಬೆಳಕು ನಡುಗಂಬದ ನೇರಕ್ಕೆ, ಸೀಳಿದ ತಲ್ಹಾ ಮರದ ಬಲಕ್ಕೆ ಒಂದು ಮುಷ್ಟಿ ಜಾಗ ಬಿಟ್ಟು ಆರಿತಂತೆ. ಆಗಲೇ ತಾನು ನಿಂತ ಜಾಗಕ್ಕೆ ಕಲ್ಲಿಟ್ಟು ಗುರುತು ಮಾಡಿದ್ದಾಳೆ. "ಯಾರಾದ್ರೂ ಬಂದು ಕೇಳ್ತಾರೆ ಅಂತ ನಿನಗೆ ಕನಸು ಬಿತ್ತಾ?" ಅಂದೆ. "ನಿನ್ನ ತಂಗಿ ಕೇಳದೆ ಬಿಡೋ ಪೈಕಿನಾ?" ಅಂದಳು. ಎಲ್ಲಿ ಬಿತ್ತು ಅನ್ನಿಸಿತು ಎಂದದ್ದಕ್ಕೆ, "ನನಗೇನು ಗೊತ್ತು, ದೂರ" ಅಂದಳು. ಇಡೀ ಬಯಲಿನಲ್ಲಿ ಹಾಗೆ ಅಂದವಳು ಅವಳೊಬ್ಬಳೇ.

ಗೋದಾಮಿನ ಕಾವಲಿನ ಮಾತು ನಿಜ. ಸಾಲ್ಕಾಳನ್ನು ಕೇಳಿದೆ. "ನೀನು ಹೋಗು. ತಾರಸಿ ಕೆಳಗೆ ಮಲಗಿದ್ರೆ ನನಗೆ ಉಸಿರು ಕಟ್ಟುತ್ತೆ, ನಾನು ಬರೋಳಲ್ಲ" ಅಂದು ಮುನಿಸಿಕೊಂಡಳು. ಈಗ ಕಲ್ಲಿನ ಸುದ್ದಿ ಬಂದ ಮೇಲೆ ಮುಖದಲ್ಲಿ ನಗು ಬಂದಿದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಅನ್ನುವ ಹಾಗೆ, ಕೊಳ್ಳಲಿರುವ ಆಡುಗಳಿಗೆ ಈಗಲೇ ಹೆಸರಿಡುತ್ತಿದ್ದಾಳೆ. ಒಂದಕ್ಕೆ ನಿನ್ನ ಹೆಸರು, ತುಂಬ ಅರಚುವುದಕ್ಕೆ.

ಸಿದಾತಿ


ಅಗಾದಿರ್, 23 ಅಕ್ಟೋಬರ್ 2016

ಅಣ್ಣಾ,

ನೀನು ನಮ್ಮ ಕಚೇರಿಯಲ್ಲಿ ಇರಬೇಕಿತ್ತು. ಫಾತಿಹಾವನ್ನು ಗಡಿಯಾರಕ್ಕೆ ಹಿಡಿದು ಅಳೆದವನು ಲೋಕದಲ್ಲಿ ನೀನೊಬ್ಬನೇ ಇರಬೇಕು. ಕತ್ತೆಯ ಕಥೆ ಓದಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ.

ಈಗ ಜಾಗದ ಮಾತು. ಅವರೆಲ್ಲ ತೋರಿಸಿದ ದಿಕ್ಕುಗಳಿಗೆ ಗೆರೆ ಎಳೆದೆ, ಸದ್ದಿನ ಹೊತ್ತಿನಿಂದ ದೂರ ಹಿಡಿದೆ. ಅತ್ತಿಗೆಯ ಗೆರೆ ರಾಡಾರಿನ ಗುರುತಿಗೆ ನೆಟ್ಟಗೆ ಹೋಗಿ ತಾಗಿತು. ಮೈ ಜುಮ್ಮೆಂದಿತು ಅಣ್ಣಾ. ಅಲ್ಲಿಂದ ಕೆಳಕ್ಕೆ ಆ ಸಂಜೆಯ ಗಾಳಿ ಎತ್ತ ಬೀಸುತ್ತಿತ್ತೆಂದು ನೋಡಿ ಲೆಕ್ಕ ಹಾಕಿದೆ. ಬಾರ್ಲಿ ತೂರಿದ ಹಾಗೆಯೇ ಇದು. ಹಗುರದ್ದು ಗಾಳಿಗೆ ಸಿಕ್ಕಿ ಹಿಂದೆ ಉದುರುತ್ತದೆ, ಭಾರದ್ದು ಮುಂದಕ್ಕೆ ಹೋಗಿ ಬೀಳುತ್ತದೆ. ಸಣ್ಣವು ನಿಮ್ಮ ದಕ್ಷಿಣದ ಕರಿಬಯಲಿನಲ್ಲಿ ಇರಬೇಕು. ದೊಡ್ಡದೊಂದು ಇದ್ದರೆ ಇನ್ನೂ ದಕ್ಷಿಣಕ್ಕೆ, ಝರ್ಗಾ ಹೊಳೆ ಬೆಟ್ಟ ಇಳಿದು ಬಯಲಿಗೆ ಬೀಳುವ ಬಾಯಿಯಲ್ಲಿ.

ಹಳೆಯ ಯುದ್ಧದ ನೆಲಬಾಂಬುಗಳು ಆ ಕಡೆಯೇ ಇವೆಯಲ್ಲ ಎಂದು ನಾನೂ ಹೆದರಿದೆ. ನಕಾಶೆ ತೆಗೆಸಿ ನೋಡಿದೆ. ಬಾಂಬಿನ ಗಡಿ ತೋರಿಸಲು ಇಟ್ಟ ಕೆಂಪು ಬಣ್ಣದ ಕಲ್ಲುಗಳ ಸಾಲು ಬೆಟ್ಟದ ಒಳಗೆ, ಹೊಳೆಯ ಮೇಲ್ಭಾಗದಲ್ಲಿದೆ. ನಾನು ಹೇಳಿದ ಜಾಗ ಅದರ ಈಚೆ, ಬೇಕಾದಷ್ಟು ಈಚೆ. ನಕಾಶೆ ಹಳೆಯದು, ಇರಲಿ, ಕೆಂಪು ಕಲ್ಲಿಗೇನು ಕಾಲು ಬರುತ್ತದೆಯೇ? ಆ ನೆಲ ನನಗಿಂತ ನಿನಗೆ ಚೆನ್ನಾಗಿ ಗೊತ್ತು. ಏನಾದರೂ ಸರಿಯಿಲ್ಲ ಅನ್ನಿಸಿದರೆ ನೀನೇ ಹೇಳುತ್ತೀಯ.

ಬೇಗ ಹೊರಡು. ಎರ್ಫೂದಿನವರ ಗಾಡಿಗಳು ಅಸ್ಸಾಕ್ಕೆ ಬಂದಿವೆ ಎಂದು ಹಮ್ಮಾದಿ ಹೇಳಿದ.

ತೌಫಾ


ಹಾಸಿ ತಲ್ಹಾ, 2 ನವೆಂಬರ್ 2016

ತೌಫಾ,

ಸಿಕ್ಕಿತು! ಸಾಲ್ಕಾಳಿಗೇ ಸಿಕ್ಕಿತು. ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದು, ಮೇಲೆಲ್ಲ ಕಪ್ಪು ಸಿಪ್ಪೆ. ಕರಿಬಯಲಿನಲ್ಲಿ, ನೀನು ಹೇಳಿದ ಕಡೆಯೇ. ಕೋಲಿನ ತುದಿಗೆ ಟಕ್ ಎಂದು ಹಾರಿ ಕೂತಿತು. ಅವಳು ಕೂಗಿದ ಕೂಗಿಗೆ ಒಂಟೆ ಬೆದರಿ ಓಡಿತು. ಆಮೇಲೆ ಇನ್ನೂ ಎರಡು ಸಿಕ್ಕವು. ಅವಳು ಮೂರನ್ನೂ ಸೆರಗಿನ ತುದಿಗೆ ಗಂಟು ಹಾಕಿಕೊಂಡಿದ್ದಾಳೆ. ಮಲಗುವಾಗಲೂ ಬಿಚ್ಚುವುದಿಲ್ಲ.

ಇವೇ ಇಷ್ಟು ನೆಟ್ಟಗೆ ಸಿಕ್ಕ ಮೇಲೆ ದೊಡ್ಡದರ ಮಾತೇಕೆ ಸುಳ್ಳಾಗುತ್ತದೆ? ನಿನ್ನೆ ಝರ್ಗಾ ಬಾಯಿಗೆ ಹೋಗಿದ್ದೆವು. ಹೊಳೆ ಹೊಸ ಮರಳು ತಂದು ಸುರಿದಿದೆ, ಜಾಗದ ಗುರುತೇ ಸಿಗುವುದಿಲ್ಲ. ನನ್ನ ಹೆಣ್ಣೊಂಟೆ ಆ ಮರಳಿಗೆ ಕಾಲಿಡಲು ಒಪ್ಪಲಿಲ್ಲ, ಹಗ್ಗ ಜಗ್ಗಿದರೂ ಇಲ್ಲ. ಹೊಳೆ ತಂದ ಯಾವುದೋ ಪ್ರಾಣಿಯ ಹೆಣ ಕೆಳಗಿದೆ, ವಾಸನೆಗೆ ಹೇಸುತ್ತಿದೆ ಎಂದುಕೊಂಡೆ. ವಾಪಸ್ಸು ಹೋಗೋಣವೇ ಎಂದು ಸಾಲ್ಕಾಳನ್ನು ಕೇಳಿದೆ. "ಯಂತ್ರ ಇಟ್ಟುಕೊಂಡು ನೋಡಿದವಳು ಈಚೆ ಅಂದಿದಾಳೆ, ನಿನ್ನ ಒಂಟೆ ಏನು ಓದಿದೆ?" ಎಂದು ಸಾಲ್ಕಾ ನಕ್ಕಳು. ನಾನೂ ನಕ್ಕೆ.

ಮೇಲೆ ಏನೂ ಕಾಣಿಸಲಿಲ್ಲ. ದೊಡ್ಡದು ಹೇಗಿರುತ್ತದೆ, ಎಲ್ಲಿ ಅಡಗಿರುತ್ತದೆ, ಬರೆ. ಬುಧವಾರಕ್ಕೆ ಕಾಯುತ್ತೇವೆ.

ಸಿದಾತಿ


ಅಗಾದಿರ್, 5 ನವೆಂಬರ್ 2016

ಅಣ್ಣಾ, ಅತ್ತಿಗೇ,

ಕಾಗದವನ್ನು ಬಸ್‌ಸ್ಟ್ಯಾಂಡಿನಲ್ಲೇ ಒಡೆದು ಓದಿದೆ. ಕುಣಿದೆ ಅಂದರೆ ನಂಬಿ. ಸಾಹೇಬರ ಮೇಜಿನ ಮುಂದೆ ಹೋಗಿ "ನಿಮ್ಮ ಧೂಳು ಅತ್ತಿಗೆಯ ಸೆರಗಿನಲ್ಲಿದೆ" ಎಂದು ಹೇಳಬೇಕೆಂದು ಬಾಯಿ ತುರಿಸುತ್ತಿದೆ. ಇನ್ನೂ ಹೇಳಿಲ್ಲ. ದೊಡ್ಡದು ಸಿಗಲಿ.

ಕಲ್ಲುಬಯಲಾದರೆ ಮೇಲೆಯೇ ಬಿದ್ದಿರುತ್ತಿತ್ತು. ಹೊಸ ಮರಳು ಮೆತ್ತಗಿರುತ್ತದೆ, ಭಾರಕ್ಕೆ ಹೂತಿರಬಹುದು. ಕಣ್ಣಿಗೆ ಕಾಣದಿದ್ದರೆ ಬೇಸರ ಬೇಡ, ಅಯಸ್ಕಾಂತ ಹೇಳುತ್ತದೆ. ಮರಳಿಗೆ ತಾಗಿಸಿಕೊಂಡು ನಿಧಾನವಾಗಿ ಆಡಿಸಿ, ಎಲ್ಲಿ ಜಗ್ಗುತ್ತದೋ ಅಲ್ಲಿ ಅಗೆಯಿರಿ.

ಆಡಿಗೆ ನನ್ನ ಹೆಸರಿಡುವುದಾದರೆ ಹಾಲು ಕೊಡುವುದಕ್ಕೆ ಇಡಿ.

ತೌಫಾ


ಅಗಾದಿರ್, 11 ನವೆಂಬರ್ 2016

ಅಣ್ಣಾ,

ಅಗೆಯಬೇಡಿ. ಝರ್ಗಾ ಬಾಯಿಗೆ ಹೋಗಲೇಬೇಡಿ. ಇದನ್ನು ಓದಿದ ಕೂಡಲೇ ಅತ್ತಿಗೆಯನ್ನು ಅಲ್ಲಿಂದ ಕರೆದುಕೊಂಡು ಬಾ.

ಸೆಪ್ಟೆಂಬರಿನ ಮಳೆಯ ವರದಿ ಬರೆಯಲು ಇವತ್ತು ಆ ದಿನದ ಚಿತ್ರಗಳನ್ನು ತೆಗೆದೆ. ಮಳೆ ಇಡೀ ದಿನ ನಿಂತು ಸುರಿದದ್ದು ಕೆಂಪು ಕಲ್ಲುಗಳ ಆ ಬೆಟ್ಟದ ಮೇಲೆಯೇ. ಝರ್ಗಾ ಹೊಳೆ ಅವುಗಳ ನಡುವಿನಿಂದ ಹಾದು ಬಂದಿದೆ. ಆಗ ನಿನ್ನ ಒಲೆ ನೆನಪಾಯಿತು. ಆ ಮೂರು ಕಲ್ಲು ಎಲ್ಲಿಯವು ಅಣ್ಣಾ? ಕಲ್ಲನ್ನೇ ನಿಮ್ಮ ಬಾಗಿಲವರೆಗೆ ಉರುಳಿಸಿದ ನೀರು ನೆಲಬಾಂಬನ್ನು ಬಿಡುತ್ತದೆಯೇ? ಅವೂ ಕಬ್ಬಿಣದ್ದೇ. ಅಯಸ್ಕಾಂತ ಅವಕ್ಕೂ ಜಗ್ಗುತ್ತದೆ.

ಹಮ್ಮಾದಿಗೆ ಫೋನ್ ಮಾಡಿದೆ. ಗಾಡಿಯ ಕ್ಲಚ್ ಹೋಗಿ ಬಿಚ್ಚಿ ಹಾಕಿದ್ದಾರಂತೆ. "ಬುಧವಾರಕ್ಕೆ ಮುಂಚೆ ಆಗಲ್ಲ ತಾಯಿ, ಬೇರೆ ಯಾರೂ ಆ ಕಡೆ ಹೋಗ್ತಿಲ್ಲ. ನಿಮ್ಮಣ್ಣನಿಗೆ ನೆಲ ಗೊತ್ತು, ಸುಮ್ನೆ ಹೆದರ್ತೀರಿ" ಅಂದ. ಹೌದು, ಸುಮ್ಮನೆ ಹೆದರುತ್ತಿದ್ದೇನೆ. ಹಾಗೇ ಇರಲಿ ದೇವರೇ.

ತೌಫಾ


ಅಗಾದಿರ್, 20 ನವೆಂಬರ್ 2016

ಅಣ್ಣಾ,

ಗುರುವಾರ ಹಮ್ಮಾದಿ ಫೋನ್ ಮಾಡಿದ. ನಾನು ಅವನಿಗೆ "ಸುಳ್ಳು, ಸುಳ್ಳು" ಎಂದು ಬೈದೆ. ಅವನು ಅಳುತ್ತಿದ್ದ.

ಹನ್ನೊಂದನೇ ತಾರೀಕು ನಾನೇ ಬಸ್ಸು ಹತ್ತಬೇಕಿತ್ತು. ಅಸ್ಸಾದಿಂದ ಒಂಟೆಯನ್ನಾದರೂ ಬಾಡಿಗೆ ಹಿಡಿಯಬೇಕಿತ್ತು. ಕಾಗದ ಬರೆದು ಬಸ್ಸಿನವನ ಕೈಗಿಟ್ಟು ಮನೆಗೆ ಹೋಗಿ ಮಲಗಿದೆ. ಅಗೆಯಿರಿ ಎಂದು ಬರೆದ ಕೈ ಇದೇ. ಅತ್ತಿಗೆಯ ಬಗ್ಗೆ ನಾನು ಏನು ಬರೆಯಲಿ, ನನಗೆ ಬರುತ್ತಿಲ್ಲ. ಬರಲೇ ಎಂದು ಕೇಳುವ ಧೈರ್ಯವೂ ಇಲ್ಲ.

ಸಾಹೇಬರಿಗೆ ಎಲ್ಲ ಹೇಳಿದೆ. ಮಳೆಯ ಚಿತ್ರ ಇಟ್ಟುಕೊಂಡು, ನೀರು ಎಲ್ಲೆಲ್ಲಿ ಹರಿದು ಎಲ್ಲೆಲ್ಲಿ ಮರಳು ಬಿಟ್ಟಿರಬಹುದೆಂದು ಗೆರೆ ಹಾಕಿದ್ದೇನೆ. ಈ ಕಾಗದದ ಜೊತೆ ಇದೆ. ಕಪ್ಪು ತುಂಬಿದ ಕಡೆ ಯಾರೂ ಕಾಲಿಡಬಾರದು. ಬಾಹಿಯಾ ಅಜ್ಜನಿಗೆ, ಎಂಬಾರ್ಕಾಗೆ, ಎಲ್ಲ ಗುಡಾರಗಳಿಗೂ ತೋರಿಸು. ಎರ್ಫೂದಿನವರಿಗೂ ಹೇಳು.

ಬಾಂಬು ತೆಗೆಯುವವರು ಬರುತ್ತಾರೆ. ಅವರಿಗೆ ಕಣ್ಣಾರೆ ಕಂಡವರ ಮಾತು ಬೇಕು. ಕಂಡವನು ನೀನೊಬ್ಬನೇ. ಕೇಳಬಾರದ್ದನ್ನು ಕೇಳುತ್ತಿದ್ದೇನೆ ಅಣ್ಣಾ. ಎಲ್ಲಿ ನಿಂತಿದ್ದೆ, ಯಾವ ನೇರಕ್ಕೆ. ಅಷ್ಟು ಬರೆ. ಇಲ್ಲದಿದ್ದರೆ ಬರೆಯಬೇಡ.

ತೌಫಾ


ಹಾಸಿ ತಲ್ಹಾ, 14 ಡಿಸೆಂಬರ್ 2016

ತಂಗಿ,

ಉತ್ತರ ತಡವಾಯಿತು. ಎಡಗಿವಿ ಕೇಳಿಸುವುದಿಲ್ಲ, ಬಲಗೈಯ ಕಟ್ಟು ಮೊನ್ನೆ ಬಿಚ್ಚಿದರು. ಅಕ್ಷರ ಸೊಟ್ಟಗಿದ್ದರೆ ಅದಕ್ಕೆ.

ಅಗೆಯಬೇಡಿ ಎಂಬ ನಿನ್ನ ಕಾಗದ ಅವಳನ್ನು ಮಣ್ಣು ಮಾಡಿದ ಮಾರನೆಯ ದಿನ ಬಂತು. ಹಮ್ಮಾದಿ ನನ್ನ ಕೈಗೆ ಕೊಟ್ಟು ಹೋಗದೆ ಅಲ್ಲೇ ನಿಂತಿದ್ದ. ಓದಿ ಒಲೆಗೆ ಹಾಕಿದೆ. ಆಮೇಲೆ ಒಲೆಯ ಕಲ್ಲು ಕಣ್ಣಿಗೆ ಬಿದ್ದವು.

ನಿನ್ನ ಮೇಲೆ ಸಿಟ್ಟಿದೆ. ಸುಳ್ಳೇಕೆ ಹೇಳಲಿ? ನಿನಗೆ ಬರೆಯಬಾರದು, ನಿನ್ನ ಮುಖ ನೋಡಬಾರದು ಎಂದು ಆಣೆ ಇಟ್ಟಿದ್ದೆ. ಆದರೆ ಆ ಕಲ್ಲುಗಳು ಎಲ್ಲಿಯವೆಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ನೋಡಿದ ದಿನವೇ ಗೊತ್ತಿತ್ತು. ಬಂದದ್ದು ಬರೀ ಕಲ್ಲು ತಾನೇ, ಬಾಂಬಲ್ಲವಲ್ಲ ಎಂದುಕೊಂಡೆ. ನೀನು ಈಚೆ ಅಂದೆ, ನಿನಗೆ ಆಕಾಶದಿಂದ ಕಾಣುತ್ತದೆ ಎಂದು ನಂಬಿದೆ. ನೀನು ನನಗೆ ನೆಲ ಗೊತ್ತೆಂದು ನಂಬಿದೆ. ನಮ್ಮಿಬ್ಬರನ್ನೂ ಅವಳು ನಂಬಿದಳು.

ನಿನ್ನ ನಕಾಶೆಯನ್ನು ಎಲ್ಲ ಗುಡಾರಗಳಿಗೂ ಒಯ್ದು ತೋರಿಸಿದೆ. ಬಾಹಿಯಾ ಅಜ್ಜ ಅದನ್ನು ಹಣೆಗೊತ್ತಿಕೊಂಡು, "ಇದು ಒಂದು ತಿಂಗಳು ಮೊದಲು ಬರಬಾರದಿತ್ತಾ ಮಗಾ" ಅಂದ. ಚಹಾ ಕೊಟ್ಟರು, ಕುಡಿದೆ. ಎಂಬಾರ್ಕಾ ತನ್ನ ಆಡುಗಳನ್ನು ಆ ಕಡೆ ಬಿಡುತ್ತಿಲ್ಲ. ಎರ್ಫೂದಿನವರು ಗಾಡಿ ತಿರುಗಿಸಿಕೊಂಡು ಹೋದರು.

ಗುಡಾರ ಬಿಚ್ಚಿದ್ದೇನೆ. ಬರುವ ವಾರ ಅಸ್ಸಾಕ್ಕೆ ಹೋಗುತ್ತೇನೆ, ಗೋದಾಮಿನ ಕಾವಲಿಗೆ. ಕಲ್ಲು ಕಟ್ಟಿದ್ದ ಸೆರಗಿನ ತುದಿ ಉಳಿದಿತ್ತು, ಗಂಟು ಬಿಚ್ಚಿರಲಿಲ್ಲ. ಹಾಗೆಯೇ ಅವಳ ಜೊತೆ ಇಟ್ಟೆ.

ಅಸ್ಸಾಕ್ಕೆ ಬಾ. ಬೈಯುತ್ತೇನೆ, ಆದರೂ ಬಾ. ನನಗೆ ಬೇರೆ ಯಾರಿದ್ದಾರೆ?

ಈಗ ನೀನು ಕೇಳಿದ್ದು. ಎರಡಕ್ಕೇ ಉತ್ತರ ಸಾಕು ಎಂದಿದ್ದೆ. ನಾಲ್ಕಕ್ಕೂ ಬರೆಯುತ್ತೇನೆ, ನಿನಗೆ ಅಭ್ಯಾಸವಾದ ಲೆಕ್ಕ.

ಎಲ್ಲಿ ನಿಂತಿದ್ದೆ? ಝರ್ಗಾ ಬಾಯಿಯ ಎಡದಂಡೆಯ ಬಂಡೆಯ ಮೇಲೆ, ಅವಳಿಂದ ಕೂಗಳತೆಯಲ್ಲಿ. ಒಂಟೆ ಹಟ ಹಿಡಿದಿತ್ತು. ಅದರ ಹಗ್ಗ ಹಿಡಿದು ಅಲ್ಲೇ ನಿಂತಿದ್ದೆ. ಅದಕ್ಕೇ ಉಳಿದೆ. ಕಲ್ಲಿನ ಚೂರು ಸಿಡಿದು ಬಡಿದದ್ದಷ್ಟೇ ನನಗೆ.

ಯಾವ ದಿಕ್ಕು, ಯಾವುದರ ನೇರಕ್ಕೆ? ದಕ್ಷಿಣಕ್ಕೆ, ಎರಡು ಬೆಟ್ಟಗಳ ಸಂದಿನ ನೇರಕ್ಕೆ. ಅವಳು ಮಂಡಿಯೂರಿ ಕೂತಿದ್ದಳು.

ಬೆಳಕಿಗೂ ಸದ್ದಿಗೂ ನಡುವೆ ಎಷ್ಟು ಹೊತ್ತು? ಬಿಸ್ಮಿಲ್ಲಾ ಅನ್ನುವಷ್ಟೂ ಇರಲಿಲ್ಲ. ಅದಕ್ಕೆ ಮುಂಚೆ ಅವಳ ದನಿ ಬಂತು. "ಜಗ್ತಾ ಇದೆ ಸಿದಾತಿ! ದೊಡ್ಡದೇ ಇದು! ತೌಫಾಗೆ ಬರಿ!" ಅಂದಳು.

ಎಲ್ಲಿ ಬಿತ್ತೆಂದು ಅನ್ನಿಸುತ್ತದೆ? ಈ ಉತ್ತರವನ್ನು ನಂಬಬಾರದು, ಎಲ್ಲರೂ ಪಕ್ಕದಲ್ಲೇ ಬಿತ್ತು ಅನ್ನುತ್ತಾರೆ ಎಂದು ನೀನೇ ಬರೆದಿದ್ದೆ. ನಾನೂ ಹಾಗೇ ಹೇಳುತ್ತೇನೆ, ಬರೆದುಕೋ. ಗುಡ್ಡದ ಹಿಂದೆ ಅಲ್ಲ ತಂಗಿ. ನನ್ನ ಗುಡಾರದ ಒಳಗೇ ಬಿತ್ತು.

ನಿನ್ನ ಅಣ್ಣ
ಸಿದಾತಿ